ಮೂರನೇ ಕೊಠಡಿಯ ಒಂಬತ್ತು ನಿಮಿಷ ಇಪ್ಪತ್ತು ಸೆಕೆಂಡು

ಸನ್ಮಾನ್ಯ ಪರೀಕ್ಷಾ ನಿಯಂತ್ರಕರೇ,

ನೀರು ಪರೀಕ್ಷಕರ ಹುದ್ದೆಗಾಗಿ ತಮ್ಮ ಕಚೇರಿ ನಡೆಸಿದ ಕಂಪ್ಯೂಟರ್ ಪರೀಕ್ಷೆಯಲ್ಲಿ ಹದಿನಾಲ್ಕು ಅಭ್ಯರ್ಥಿಗಳಿಗೆ ಸಿಗಬೇಕಾಗಿದ್ದ ತೊಂಬತ್ತು ನಿಮಿಷಗಳಲ್ಲಿ ಒಂಬತ್ತು ನಿಮಿಷ ಇಪ್ಪತ್ತು ಸೆಕೆಂಡು ಸಿಗಲಿಲ್ಲ. ಅವರು ತಡವಾಗಿ ಬಂದವರಲ್ಲ, ಗುರುತಿನ ಚೀಟಿ ಮರೆತವರಲ್ಲ. ಅವರ ಮುಂದಿದ್ದ ಕಂಪ್ಯೂಟರುಗಳು ಎದ್ದು ಕಣ್ಣು ಬಿಡಲು ಅಷ್ಟು ತಡ ಮಾಡಿದವು, ಅಷ್ಟೇ. ಅದೇ ಸಾಲಿನ ಒಂದನೇ ಕೊಠಡಿಯ ಕಂಪ್ಯೂಟರುಗಳು ಆ ಕೆಲಸವನ್ನು ಅರ್ಧ ನಿಮಿಷದೊಳಗೆ ಮುಗಿಸಿದ್ದವು. ಈ ವ್ಯತ್ಯಾಸದಲ್ಲಿ ಒಬ್ಬ ಹೆಂಗಸಿನ ಹದಿನೈದು ವರ್ಷದ ದುಡಿಮೆ ಬಿದ್ದುಹೋಯಿತು. ಇದನ್ನು ತಿಳಿಸಿ ತಮಗೆ ನಾಲ್ಕು ಪತ್ರ ಬರೆದೆ. ನಾಲ್ಕಕ್ಕೂ ‘ತಮ್ಮ ಪತ್ರವು ಪರಿಶೀಲನೆಯಲ್ಲಿದೆ’ ಎಂಬ ಒಂದೇ ಸಾಲಿನ ಉತ್ತರ ಬಂತು. ನಾಲ್ಕನೆಯದರಲ್ಲಿ ‘ಪರಿಶೀಲನೆ’ ಎಂಬ ಪದವೂ ತಪ್ಪಾಗಿತ್ತು. ಆದ್ದರಿಂದ ಐದನೆಯದನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ದೈಹಿಕ ಶಿಕ್ಷಣದ ಮೇಷ್ಟ್ರು. ಇಪ್ಪತ್ತಾರು ವರ್ಷದಿಂದ ಮಕ್ಕಳನ್ನು ಓಡಿಸಿ, ಅವರು ಎಷ್ಟು ಸೆಕೆಂಡಿಗೆ ಬಂದರೆಂದು ಬರೆದುಕೊಂಡೇ ಅನ್ನ ತಿಂದವನು. ‘ದೂರುದಾರರು ಗಣಕ ತಜ್ಞರಲ್ಲ’ ಎಂದು ತಮ್ಮ ಸಮಿತಿ ತನ್ನ ವರದಿಯಲ್ಲಿ ಎರಡು ಕಡೆ ಬರೆದಿದೆ. ಒಪ್ಪಿದೆ. ಆದರೆ ಒಬ್ಬರು ಗುಂಡಿ ಒತ್ತಿದ ಗಳಿಗೆಗೂ ಅವರ ಮುಂದೆ ಪ್ರಶ್ನೆಪತ್ರಿಕೆ ತೆರೆದ ಗಳಿಗೆಗೂ ನಡುವೆ ಎಷ್ಟು ಹೊತ್ತು ಹೋಯಿತೆಂದು ಹೇಳಲು ತಜ್ಞನೇ ಆಗಬೇಕೇ? ಅನ್ನ ಬೆಂದಿಲ್ಲ ಎನ್ನಲು ಅಡುಗೆ ಶಾಸ್ತ್ರದಲ್ಲಿ ಪದವಿ ಬೇಕೇ?

ಆ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಪರೀಕ್ಷೆ. ನಮ್ಮ ವಿದ್ಯಾಸಂಸ್ಥೆಯ ಎರಡನೇ ಮಹಡಿಯಲ್ಲಿ ಸಾಲಾಗಿ ಮೂರು ಕಂಪ್ಯೂಟರ್ ಕೊಠಡಿಗಳಿವೆ. ಮೂರನೆಯದಕ್ಕೆ ನನ್ನನ್ನು ಮೇಲ್ವಿಚಾರಕನನ್ನಾಗಿ ಹಾಕಿದ್ದಿರಿ. ಹದಿನಾಲ್ಕು ಜನ ಒಂಬತ್ತೂವರೆಗೆಲ್ಲ ಬಂದು ಕೂತರು. ಆರನೇ ಮೇಜಿನಲ್ಲಿ ನಲವತ್ತನಾಲ್ಕು ವರ್ಷದ ಒಬ್ಬ ಹೆಂಗಸು. ಹಾಜರಿ ಪಟ್ಟಿಗೆ ಸಹಿ ಹಾಕುವಾಗ ಅವರ ಬೆರಳು ನೋಡಿದೆ. ತುದಿಯ ಚರ್ಮ ಬೆಳ್ಳಗೆ ಸುಲಿದಿತ್ತು. ಊರಿನ ನೀರಿನ ಘಟಕದಲ್ಲಿ ಹದಿನೈದು ವರ್ಷದಿಂದ ಗುತ್ತಿಗೆ ಮೇಲೆ ನೀರು ಪರೀಕ್ಷಿಸುವವರು, ದಿನಾ ಬ್ಲೀಚಿಂಗ್ ಪೌಡರು ಮುಟ್ಟುವ ಕೈ ಅದು ಎಂದು ಆಮೇಲೆ ಗೊತ್ತಾಯಿತು. ತಾವು ಭರ್ತಿ ಮಾಡಲು ಹೊರಟಿದ್ದ ಕಾಯಂ ಹುದ್ದೆ ಅವರು ಮಾಡುತ್ತಿದ್ದ ಕೆಲಸವೇ. ವಯೋಮಿತಿ ನಲವತ್ತೈದು. ಅವರಿಗೆ ಅದು ಕೊನೆಯ ಅವಕಾಶ.

ಒಂಬತ್ತು ಐವತ್ತೆರಡಕ್ಕೆ ಕರೆಂಟು ಹೋಯಿತು. ಮೂರೂ ಕೊಠಡಿಯ ಕಂಪ್ಯೂಟರುಗಳು ಒಟ್ಟಿಗೇ ಆರಿದವು. ಕರೆಂಟು ಹೋದಾಗ ಕೈಹಿಡಿಯಬೇಕಾದ ಯುಪಿಎಸ್ ಯಾಕೆ ಹಿಡಿಯಲಿಲ್ಲ ಎಂದು ಕಾರಿಡಾರಿನಲ್ಲಿ ಓಡಿಬಂದ ಲ್ಯಾಬ್ ಸಹಾಯಕರನ್ನು ಕೇಳಿದೆ. ಅವರಿಗೆ ಬೇರೆ ಹೆಸರಿದೆ. ಬೆಳಗಿನಿಂದ ಸಂಜೆವರೆಗೆ ವೈರುಗಳ ನಡುವೆಯೇ ಇರುವುದರಿಂದ ಇಡೀ ಸಂಸ್ಥೆಗೆ ಅವರು ವೈರಣ್ಣ.

“ಅದರ ಬ್ಯಾಟರಿ ಸತ್ತು ಎರಡು ವರ್ಷ ಆಯ್ತು ಸಾರ್. ಮೂರು ಸಲ ಬರ್ಕೊಟ್ಟಿದೀನಿ,” ಎಂದರು.

ಒಂಬತ್ತು ಐವತ್ತೆಂಟಕ್ಕೆ ಕರೆಂಟು ಬಂತು. “ಎಲ್ಲರೂ ಆನ್ ಮಾಡಿ” ಎಂದೆ. ಹದಿನಾಲ್ಕು ಗುಂಡಿಗಳು ಒತ್ತಿದ ಸದ್ದು ಕೇಳಿದ ಕೂಡಲೇ ನನ್ನ ಹೆಬ್ಬೆರಳು ಜೇಬಿನಲ್ಲಿದ್ದ ಸ್ಟಾಪ್‌ವಾಚನ್ನು ತಾನಾಗಿ ಒತ್ತಿತು. ಅದು ಹಳೆಯ ಚಾಳಿ, ಮುಂದಾಲೋಚನೆಯೇನಲ್ಲ. ಇನ್ನೂ ಎರಡು ನಿಮಿಷ ಇದೆಯಲ್ಲ, ಸಾಕು ಎಂದುಕೊಂಡೆ. ಪರದೆಯ ಮೇಲೆ ಒಂದು ಬಿಳಿ ಉಂಗುರ ತಿರುಗತೊಡಗಿತು. ಅದರ ಕೆಳಗೆ ಒಂದು ಸಾಲು: ಅಪ್‌ಡೇಟ್ ನಡೆಯುತ್ತಿದೆ, ದಯವಿಟ್ಟು ಯಂತ್ರವನ್ನು ಆರಿಸಬೇಡಿ, ಶೇಕಡಾ ನಾಲ್ಕು.

ಹತ್ತು ಗಂಟೆಗೆ ಶೇಕಡಾ ಹನ್ನೊಂದು. ಎಲ್ಲೋ ದೂರದಲ್ಲಿರುವ ತಮ್ಮ ಸರ್ವರಿನಲ್ಲಿ ಪರೀಕ್ಷೆ ಶುರುವಾಗಿಹೋಯಿತು. ನಾನು ಕಾರಿಡಾರಿಗೆ ಬಂದು ಇಣುಕಿದೆ. ಒಂದನೇ ಕೊಠಡಿಯಲ್ಲಿ ಎಲ್ಲರೂ ಪರದೆಗೆ ಕಣ್ಣು ನೆಟ್ಟು ಉತ್ತರಿಸುತ್ತಿದ್ದರು. ಆರು ಮೇಜು ಖಾಲಿ ಇದ್ದವು; ಗೈರುಹಾಜರಾದವರವು. ಆ ಆರು ಕಂಪ್ಯೂಟರುಗಳೂ ಎದ್ದು ಕೂತು ಯಾರಿಗೋ ಕಾಯುತ್ತಿದ್ದವು. ಸಹಾಯವಾಣಿಗೆ ಫೋನು ಮಾಡಿದೆ.

“ಸರ್ವರ್ ಟೈಮ್ ನಮ್ಮ ಕೈಲಿಲ್ಲ ಸರ್. ವೇಟ್ ಮಾಡಿ,” ಎಂದಿತು ಆ ಕಡೆಯ ಧ್ವನಿ.

“ಇವರ ಹೊತ್ತು ಹೋಗ್ತಾ ಇದೆಯಲ್ಲಪ್ಪ.”

“ಯಂತ್ರ ಮಾತ್ರ ಆರಿಸ್ಬೇಡಿ ಸರ್.”

ಒಳಗೆ ಬಂದರೆ ಹದಿನಾಲ್ಕು ಮುಖಗಳೂ ನನ್ನ ಕಡೆ ತಿರುಗಿದ್ದವು. ಆರನೇ ಮೇಜಿನ ಹೆಂಗಸು ಎದ್ದು ನಿಂತು, ದನಿ ಎತ್ತದೆ ಕೇಳಿದರು: “ಸರ್, ಒಂದನೇ ರೂಮಲ್ಲಿ ಸೀಟು ಖಾಲಿ ಇದ್ಯಂತಲ್ಲ. ಅಲ್ಲಿ ಹೋಗಿ ಕೂತ್ಕೋಬಹುದಾ?”

“ಇಲ್ಲಮ್ಮ. ನಂಬರ್ ಎಲ್ಲಿದೆಯೋ ಅಲ್ಲೇ ಕೂರ್ಬೇಕು.”

“ಎರಡು ನಿಮಿಷ ಆಗೋಯ್ತು ಸರ್.”

“ಕೂತ್ಕೊಳ್ಳಮ್ಮ. ನಿಯಮ ನಿಯಮಾನೇ.”

ಅವರು ಕೂತರು. ಅಂಗೈ ಎರಡನ್ನೂ ಮೇಜಿನ ಮೇಲೆ ಒತ್ತಿಟ್ಟು ಆ ಉಂಗುರವನ್ನೇ ನೋಡುತ್ತಿದ್ದರು. ಹಿಂದಿನ ಸಾಲಿನಲ್ಲಿ ಒಬ್ಬರು ಬಾಯೊಳಗೇ ಏನನ್ನೋ ಎಣಿಸುತ್ತಿದ್ದರು. ಇನ್ನೊಬ್ಬರು ನಕ್ಕರು, ನಗು ಅರ್ಧಕ್ಕೆ ನಿಂತಿತು. ಐದನೇ ನಿಮಿಷಕ್ಕೆ ಶೇಕಡಾ ಮೂವತ್ತು, ಎಂಟನೆಯದಕ್ಕೆ ಎಪ್ಪತ್ತೆಂಟು. ಆಮೇಲೆ ಪರದೆ ಕಪ್ಪಾಗಿ, ಎಲ್ಲ ಮುಗಿಯಿತೆನ್ನುವಾಗ ಮತ್ತೆ ಮೊದಲಿನಿಂದ ತೆರೆದುಕೊಂಡಿತು. ಆರನೇ ಮೇಜಿನಲ್ಲಿ ಪ್ರಶ್ನೆಪತ್ರಿಕೆ ಕಾಣಿಸಿದಾಗ ಗುಂಡಿ ಒತ್ತಿ ಹನ್ನೊಂದು ನಿಮಿಷ ಇಪ್ಪತ್ತು ಸೆಕೆಂಡು ಆಗಿತ್ತು. ಪರದೆಯ ಮೂಲೆಯಲ್ಲಿ ಉಳಿದ ಸಮಯ: ಎಂಬತ್ತು ನಿಮಿಷ ನಲವತ್ತು ಸೆಕೆಂಡು. ಉಳಿದ ಹದಿಮೂರು ಯಂತ್ರಗಳು ಹತ್ತಿಪ್ಪತ್ತು ಸೆಕೆಂಡಿನ ಹಿಂದೆ ಮುಂದೆ. ಕೊಠಡಿಯ ದಿನಚರಿಯಲ್ಲಿ ಎಲ್ಲವನ್ನೂ ಬರೆದು ಸಹಿ ಹಾಕಿದೆ. ಆ ದಿನಚರಿ ತಮ್ಮ ಕಚೇರಿಯಲ್ಲೇ ಇದೆ. ಯಾರೂ ಅದರ ಮೇಲೆ ಚಹಾ ಲೋಟ ಇಟ್ಟಿಲ್ಲವಾದರೆ ಓದಲೂಬಹುದು.

ಹನ್ನೊಂದೂವರೆಗೆ ಪರದೆಗಳು ತಾವಾಗಿ ಮುಚ್ಚಿಕೊಂಡವು. ಎಲ್ಲರೂ ಎದ್ದು ಹೋದ ಮೇಲೂ ಆ ಹೆಂಗಸು ಮೌಸಿನ ಮೇಲೆ ಕೈಯಿಟ್ಟು ಕೂತಿದ್ದರು. ನೂರು ಪ್ರಶ್ನೆಗಳಲ್ಲಿ ತೊಂಬತ್ತೊಂದನ್ನು ಮುಗಿಸಿದ್ದರು. ಉಳಿದ ಒಂಬತ್ತೂ ಕೊನೆಯ ಭಾಗದವು: ನೀರಿನಲ್ಲಿ ಉಳಿಯಬೇಕಾದ ಕ್ಲೋರಿನ್ ಎಷ್ಟು, ಮಾದರಿ ತೆಗೆಯುವ ಬಾಟಲಿಯನ್ನು ಎಷ್ಟು ಹೊತ್ತು ಕುದಿಸಬೇಕು, ಇಂಥವು.

“ಇದು ನಾನು ದಿನಾ ಮಾಡೋ ಕೆಲಸ ಸರ್,” ಎಂದರು. ಅಷ್ಟೇ ಹೇಳಿ ಚೀಲ ತೆಗೆದುಕೊಂಡು ಹೋದರು.

ಫಲಿತಾಂಶದಲ್ಲಿ ಎರಡು ಅಂಕದಿಂದ ಹಿಂದೆ ಬಿದ್ದರು. ಮೇಲ್ಮನವಿ ಹಾಕಿದರು. ‘ಸರ್ವರ್ ದಾಖಲೆಯ ಪ್ರಕಾರ ಎಲ್ಲ ಅಭ್ಯರ್ಥಿಗಳಿಗೂ ಸಮಾನವಾಗಿ ತೊಂಬತ್ತು ನಿಮಿಷ ನೀಡಲಾಗಿದೆ’ ಎಂದು ತಾವು ಉತ್ತರಿಸಿದಿರಿ. ನಿಜ, ಸರ್ವರ್ ಸುಳ್ಳು ಹೇಳುವುದಿಲ್ಲ. ತೊಂಬತ್ತು ನಿಮಿಷ ಅದು ಚಾಚೂ ತಪ್ಪದೆ ಓಡಿತು. ಮೂರನೇ ಕೊಠಡಿಯವರು ಮಾತ್ರ ಅದರ ಜೊತೆ ಓಡಲಿಲ್ಲ. ಎಲೆ ಹಾಕಿ, ಬಡಿಸದೆ, ‘ಎಲ್ಲರಿಗೂ ಒಂದೇ ಹೊತ್ತಿಗೆ ಊಟ ಮುಗಿಯಿತು’ ಎಂದರೆ ಹಸಿದವನು ಯಾರಿಗೆ ಹೇಳಬೇಕು?

ಆ ಉತ್ತರ ಹಿಡಿದುಕೊಂಡು ಒಂದು ಸಂಜೆ ಅವರು ನಮ್ಮ ಆಟದ ಮೈದಾನಕ್ಕೆ ಬಂದರು. ಜೊತೆಗೆ ಅವರ ಅತ್ತೆ. ಮನೆಯಲ್ಲೇ ಹೊಲಿಗೆ ಮಾಡುವ ಮುದುಕಿ, ಕತ್ತಿನಲ್ಲಿ ಅಳತೆ ಪಟ್ಟಿ ಹಾಗೇ ನೇತಾಡುತ್ತಿತ್ತು. ಮಾತು ಶುರು ಮಾಡಿದ್ದು ಅತ್ತೆಯೇ.

“ನನ್ನ ಸೊಸೆ ದಡ್ಡಿ ಅಲ್ಲ ಮೇಷ್ಟ್ರೇ. ಹೊಲಿಗೆ ಮಿಷನ್ ಪಕ್ಕ ಗಡಿಯಾರ ಇಟ್ಕೊಂಡು ಹತ್ತು ಸಲ ಬರ್ಸಿದೀನಿ. ತೊಂಬತ್ತು ನಿಮಿಷ ಆಗ್ತಿದ್ದ ಹಾಗೆ ಕಾಗದ ಕಿತ್ಕೊಂಡ್ಬಿಡ್ತಿದ್ದೆ. ಒಂದು ಸಲಾನೂ ಕೊನೇ ಪ್ರಶ್ನೆ ಬಿಟ್ಟಿಲ್ಲ ಅವಳು.”

“ಅತ್ತೆ, ಸಾಕು ಬಿಡಿ,” ಎಂದರು ಸೊಸೆ. ನನ್ನ ಕಡೆ ತಿರುಗಿ, “ಸರ್, ನನಗೆ ಕನಿಕರ ಬೇಡ. ಆವತ್ತು ಏನಾಯ್ತೋ ಅದನ್ನ ನೀವು ಬರ್ದು ಕೊಡಿ. ನೋಡಿದೋರು ನೀವೇ ತಾನೆ,” ಎಂದರು.

ಬರೆದುಕೊಟ್ಟೆ. ಬರೆಯುವ ಮೊದಲು ನನ್ನ ಮಾತಿಗೆ ಬುಡ ಇರಲಿ ಎಂದು ಒಂದು ಶನಿವಾರ ಮಧ್ಯಾಹ್ನ ವೈರಣ್ಣನವರನ್ನು ಕೂರಿಸಿಕೊಂಡು ಮೂರೂ ಕೊಠಡಿಯ ಯಂತ್ರಗಳನ್ನು ಪೂರ್ತಿ ಆರಿಸಿ, ಹೊತ್ತಿಸಿ, ಒಂದೊಂದನ್ನೂ ಐದು ಸಲ ಅಳೆದೆ. ಕಂಪ್ಯೂಟರನ್ನು ಎಬ್ಬಿಸಿ ಕೆಲಸಕ್ಕೆ ನಿಲ್ಲಿಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಮ್ ಎನ್ನುತ್ತಾರೆಂದು ನನಗೆ ಅವತ್ತೇ ಸರಿಯಾಗಿ ಗೊತ್ತಾದದ್ದು. ಒಂದನೇ ಕೊಠಡಿಯಲ್ಲಿರುವುದು ಯಾರು ಬೇಕಾದರೂ ಬಿಟ್ಟಿಯಾಗಿ ಹಾಕಿಕೊಳ್ಳಬಹುದಾದ ಸಿಸ್ಟಮ್, ಹೊಸ ಬಗೆಯ ಡಿಸ್ಕಿನ ಮೇಲೆ. ಇಪ್ಪತ್ತನಾಲ್ಕು ಸೆಕೆಂಡಿಗೆ ಎದ್ದಿತು. ಎರಡನೆಯದರಲ್ಲಿ ಕೊಂಡ ಸಿಸ್ಟಮ್ಮಿನ ಹಳೆಯ ಆವೃತ್ತಿ. ಒಂದು ನಿಮಿಷ ಐವತ್ತು. ಮೂರನೆಯದರಲ್ಲಿ ಅದರದೇ ಹೊಸ ಆವೃತ್ತಿಯನ್ನು ಹತ್ತು ವರ್ಷದ ಹಳೆಯ ಯಂತ್ರಗಳಿಗೆ ತುರುಕಿದ್ದಾರೆ. ಸುಮ್ಮನೆ ಎಬ್ಬಿಸಿದರೆ ಮೂರು ನಿಮಿಷ ಹತ್ತು, ಬಾಕಿ ಅಪ್‌ಡೇಟ್ ಇದ್ದರೆ ಹನ್ನೊಂದರ ಆಸುಪಾಸು.

ನಾನು ಯಾವ ಕಂಪನಿಯ ವಕೀಲನೂ ಅಲ್ಲ. ಅದೇ ಹೊಸ ಆವೃತ್ತಿಯನ್ನು ವೈರಣ್ಣ ಹೊಸ ಡಿಸ್ಕಿಗೆ ಹಾಕಿ ತೋರಿಸಿದಾಗ ಮೂವತ್ತೆಂಟು ಸೆಕೆಂಡಿಗೆ ಎದ್ದಿತು. ಬಿಟ್ಟಿ ಸಿಸ್ಟಮ್ಮನ್ನು ಮೂರನೇ ಕೊಠಡಿಯ ಹಳೆಯ ಯಂತ್ರಕ್ಕೆ ಹಾಕಿದಾಗಲೂ ಒಂದು ನಿಮಿಷದ ಒಳಗೇ ಬಂತು. ಎರಡೂ ಕೆಟ್ಟವಲ್ಲ. ಯಾವ ಎತ್ತಿಗೆ ಯಾವ ಗಾಡಿ ಎಂದು ನೋಡದೆ ಕಟ್ಟಿದವರದು ತಪ್ಪು. ‘ಪರೀಕ್ಷೆಯ ವಾರ ಅಪ್‌ಡೇಟ್ ತಡೆಹಿಡಿಯಲು ಅನುಮತಿ ಕೊಡಿ’ ಎಂದು ವೈರಣ್ಣ ಬರೆದ ಅರ್ಜಿಯ ಪ್ರತಿ ನನ್ನ ಬಳಿ ಇದೆ. ಅದೂ ಪರಿಶೀಲನೆಯಲ್ಲಿದೆಯಂತೆ.

ನನ್ನ ಮೊದಲ ಪತ್ರದ ಫಲವಾಗಿ ತಾವೊಂದು ಸಮಿತಿ ಕಳಿಸಿದಿರಿ. ಅದಕ್ಕೆ ಋಣಿ. ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಅಧ್ಯಕ್ಷರು, ಒಬ್ಬ ತಜ್ಞರು, ಬರೆದುಕೊಳ್ಳಲು ಒಬ್ಬ ಗುಮಾಸ್ತರು ಬಂದರು. ಹೇಳಿಕೆ ಕೊಡಲು ಆ ಹೆಂಗಸನ್ನೂ ಕರೆಸಿದ್ದರು. ಅವರು ತಾವಾಗಿಯೇ ಹೋಗಿ ಆರನೇ ಮೇಜಿನಲ್ಲಿ ಕೂತರು. ತಜ್ಞರು ಒಂದೊಂದು ಯಂತ್ರದ ಮುಂದೆ ನಿಂತು ಒಂದು ಕೀಲಿ ಒತ್ತುತ್ತಾ ಹೋದರು. ಪರದೆ ಥಟ್ಟನೆ ಬೆಳಗುತ್ತಿತ್ತು. “ನಾಲ್ಕು ಸೆಕೆಂಡ್. ಐದು ಸೆಕೆಂಡ್. ನಾಲ್ಕು,” ಎಂದು ಹೇಳುತ್ತಿದ್ದರು, ಗುಮಾಸ್ತರು ಬರೆಯುತ್ತಿದ್ದರು. ಬೆಳಿಗ್ಗೆ ಎಂಟರಿಂದಲೇ ಎಲ್ಲ ಯಂತ್ರಗಳನ್ನೂ ಹೊತ್ತಿಸಿಡಬೇಕೆಂದು ಹಿಂದಿನ ದಿನವೇ ಫೋನು ಬಂದಿತ್ತು. ಅವು ಆರಿರಲಿಲ್ಲ, ತೂಕಡಿಸುತ್ತಿದ್ದವು. ತೂಕಡಿಸುವವನ ಭುಜ ತಟ್ಟಿ, ಇವನು ಹಾಸಿಗೆಯಿಂದ ಏಳುವುದು ಎಷ್ಟು ಬೇಗ ನೋಡಿ ಎಂದ ಹಾಗಾಯಿತು.

“ಸರ್, ಇವು ಆಫ್ ಆಗಿಲ್ಲ,” ಎಂದೆ. “ಒಂದು ಸಲ ಪೂರ್ತಿ ಆರಿಸಿ ನೋಡೋಣ.”

“ಅದು ನಮ್ಮ ಚೆಕ್‌ಲಿಸ್ಟಲ್ಲಿ ಇಲ್ಲ,” ಎಂದರು ತಜ್ಞರು.

“ಆವತ್ತು ಕರೆಂಟು ಹೋಗಿತ್ತಲ್ಲ ಸರ್.”

“ಕರೆಂಟು ನಮ್ಮ ಇಲಾಖೆಗೆ ಬರಲ್ಲ,” ಎಂದರು ಅಧ್ಯಕ್ಷರು. ತಮಾಷೆಗೆ ಹೇಳಿದ್ದಲ್ಲ.

ಅಷ್ಟರಲ್ಲಿ ಕೊಠಡಿ ಕತ್ತಲಾಯಿತು. ಎಲ್ಲ ಪರದೆಗಳೂ ಒಟ್ಟಿಗೇ ಆರಿದವು. ಬಾಗಿಲ ಪಕ್ಕದ ಮುಖ್ಯ ಸ್ವಿಚ್ಚಿನ ಮೇಲೆ ವೈರಣ್ಣನವರ ಕೈ ಇತ್ತು. ಇಪ್ಪತ್ತು ವರ್ಷದ ನೌಕರಿಯಲ್ಲಿ ಮೇಲಧಿಕಾರಿಯ ಎದುರು ದನಿ ಎತ್ತಿದವರಲ್ಲ ಅವರು.

“ನಾನೇ ಆರಿಸಿದೆ ಸಾರ್. ಆವತ್ತು ಆಗಿದ್ದೂ ಇದೇ,” ಎಂದು ಸ್ವಿಚ್ಚನ್ನು ಮತ್ತೆ ಮೇಲೆತ್ತಿದರು. “ಅಮ್ಮಾ, ಆನ್ ಮಾಡಿ.”

ಆ ಹೆಂಗಸು ಗುಂಡಿ ಒತ್ತಿದರು. ಉಂಗುರ ತಿರುಗತೊಡಗಿತು. ಅವತ್ತೂ ಅಪ್‌ಡೇಟ್ ಬಾಕಿ ಇತ್ತು. ಎರಡನೇ ನಿಮಿಷಕ್ಕೆ ತಜ್ಞರು ನೆಟ್‌ವರ್ಕ್ ನಿಧಾನ ಇರಬೇಕು ಎಂದರು. ಇದಿನ್ನೂ ನೆಟ್‌ವರ್ಕನ್ನು ಮುಟ್ಟಿಯೇ ಇಲ್ಲ ಎಂದರು ವೈರಣ್ಣ. ನಾಲ್ಕಕ್ಕೆ ಅಧ್ಯಕ್ಷರು ಫೋನು ನೋಡಿಕೊಂಡರು. ಐದಕ್ಕೆ ಗುಮಾಸ್ತರು ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು. ನನಗೆ ಎಲ್ಲಿ ಇವತ್ತೇ ಅದು ಬೇಗ ಎದ್ದುಬಿಡುತ್ತದೋ ಎಂಬ ಹೆದರಿಕೆ. ಆರು ನಿಮಿಷ ನಲವತ್ತು ಸೆಕೆಂಡಿಗೆ ಅಧ್ಯಕ್ಷರು ಎದ್ದರು.

“ನಮಗೆ ಹನ್ನೆರಡಕ್ಕೆ ಇನ್ನೊಂದು ಮೀಟಿಂಗ್ ಇದೆ. ಹೀಗೆ ಕೂತ್ಕೊಂಡು ಕಾಯೋಕಾಗಲ್ಲ.”

ಆ ಹೆಂಗಸು ಪರದೆಯಿಂದ ಕಣ್ಣು ತೆಗೆಯದೆ, “ನಾವು ಕಾದ್ವಲ್ಲ ಸರ್,” ಎಂದರು.

ಸಮಿತಿಯವರು ಹೋದರು. ಮೆಟ್ಟಿಲಿನಲ್ಲಿ ಬೂಟಿನ ಸದ್ದು ಕೆಳಗಿಳಿದು, ಕಾರು ಹೊರಟುಹೋದ ಮೇಲೂ ಉಂಗುರ ತಿರುಗುತ್ತಲೇ ಇತ್ತು. ಹತ್ತು ನಿಮಿಷ ಐವತ್ತೈದು ಸೆಕೆಂಡಿಗೆ ಯಂತ್ರ ಎದ್ದಾಗ ನೋಡಲು ನಾವು ಮೂವರೇ. ತಮ್ಮ ವರದಿ ಹೇಳುತ್ತದೆ: ‘ಮೂರೂ ಕೊಠಡಿಗಳ ಯಂತ್ರಗಳು ನಾಲ್ಕರಿಂದ ಆರು ಸೆಕೆಂಡುಗಳಲ್ಲಿ ಸಿದ್ಧವಾಗುತ್ತವೆ. ದೂರಿನಲ್ಲಿ ಹುರುಳಿಲ್ಲ.’ ಮಾನ್ಯರೇ, ಮೂವರು ಅಧಿಕಾರಿಗಳು ಏಳು ನಿಮಿಷ ಕಾಯಲಾರದೆ ಎದ್ದುಹೋದ ಕೊಠಡಿಯ ಬಗ್ಗೆ ಇದನ್ನು ಯಾವ ಕೈಯಿಂದ ಬರೆದಿರಿ?

ಆಮೇಲಿನದು ತಮಗೆ ಗೊತ್ತು. ವಿಚಾರಣೆಗೆ ಅಡ್ಡಿಪಡಿಸಿದರೆಂದು ವೈರಣ್ಣನವರಿಗೆ ನೋಟಿಸು ಹೋಯಿತು. ಮೇಲ್ವಿಚಾರಕರ ಪಟ್ಟಿಯಿಂದ ನನ್ನ ಹೆಸರು ಹೊಡೆದು ಹಾಕಿದಿರಿ. ಹುದ್ದೆಗೆ ಆಯ್ಕೆಯಾದ ಹುಡುಗಿ ಕಳೆದ ತಿಂಗಳು ಕೆಲಸಕ್ಕೆ ಸೇರಿದಳು. ಪಾಪ, ಅವಳ ತಪ್ಪೇನೂ ಇಲ್ಲ. ಅವಳಿಗೆ ಕೆಲಸ ಕಲಿಸುವ ಹೊಣೆಯನ್ನು ನೀರಿನ ಘಟಕದವರು ಯಾರಿಗೆ ವಹಿಸಿದರೆಂದು ತಾವು ಊಹಿಸಬಲ್ಲಿರಿ. “ಚೆನ್ನಾಗಿ ಕಲೀತಾಳೆ ಸರ್. ಕ್ಲೋರಿನ್ ಅಳೆಯೋದು ಮೂರೇ ದಿನಕ್ಕೆ ಹಿಡಿದ್ಲು,” ಎಂದರು ಆ ಹೆಂಗಸು, ದನಿಯಲ್ಲಿ ಒಂದಿಷ್ಟೂ ಕಹಿ ಇಲ್ಲದೆ. ಅವರಿಗೆ ಈಗ ನಲವತ್ತೈದು ತುಂಬಿದೆ.

ಇಷ್ಟು ಹೊತ್ತು ತಮ್ಮ ಕಡೆಗೇ ಬೆರಳು ಮಾಡಿದೆ. ಇನ್ನೊಂದು ಮಾತಿದೆ, ಹಿಂದಿನ ನಾಲ್ಕು ಪತ್ರಗಳಲ್ಲಿ ಅದನ್ನು ಬರೆಯಲಿಲ್ಲ. ಮೇಲ್ವಿಚಾರಕರಿಗೆ ತಾವು ಕೊಡುವ ಕೈಪಿಡಿಯ ಮೂವತ್ತೊಂದನೇ ಪುಟದಲ್ಲಿ ಹೀಗಿದೆ: ‘ಯಂತ್ರವು ಕಾರ್ಯನಿರ್ವಹಿಸದಿದ್ದಲ್ಲಿ ಮೇಲ್ವಿಚಾರಕರು ಅಭ್ಯರ್ಥಿಯನ್ನು ಲಭ್ಯವಿರುವ ಬೇರೆ ಯಂತ್ರಕ್ಕೆ ವರ್ಗಾಯಿಸಬಹುದು.’ ಆ ಭಾನುವಾರ ಕೈಪಿಡಿ ನನ್ನ ಚೀಲದಲ್ಲೇ ಇತ್ತು. ನಾನು ಓದಿರಲಿಲ್ಲ. ಇಲ್ಲದ ನಿಯಮವನ್ನು ಗತ್ತಿನಿಂದ ಹೇಳಿ, ಇದ್ದ ನಿಯಮವನ್ನು ಚೀಲದಲ್ಲಿ ಮುಚ್ಚಿಟ್ಟುಕೊಂಡು ನಿಂತಿದ್ದೆ. ಎದ್ದು ಹೋಗಿ ಕೂತಿದ್ದರೆ ಅವರಿಗೆ ಹೋಗುತ್ತಿದ್ದದ್ದು ಮೂರೇ ನಿಮಿಷ. ಖಾಲಿ ಮೇಜುಗಳು ಆರೇ ಇದ್ದವು, ಎಲ್ಲರಿಗೂ ಸಾಲುತ್ತಿರಲಿಲ್ಲ ಎಂದು ಎಷ್ಟೋ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಕೇಳಿದವರು ಅವರೊಬ್ಬರೇ.

ಸಮಿತಿಯ ವರದಿ ಬಂದ ವಾರ ಅವರ ಮನೆಗೆ ಹೋಗಿ ಇದನ್ನು ಹೇಳಿದೆ. ಹೊಲಿಗೆ ಮಿಷನ್ನು ನಿಂತಿತು. ಅತ್ತೆ ನನ್ನನ್ನು ಒಮ್ಮೆ ನೋಡಿ, ಕೈಯಲ್ಲಿದ್ದ ಬಟ್ಟೆ ಮಡಚಿಟ್ಟು ಒಳಗೆ ಎದ್ದು ಹೋದರು. ಸೊಸೆ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

“ನನಗೆ ಹೇಳಿದ್ರಿ ಸರ್, ಸರಿ,” ಎಂದರು. “ಅವರಿಗೂ ಹೇಳಿ.”

ಅದಕ್ಕೇ ಈ ಪತ್ರ. ನನ್ನ ಬೇಡಿಕೆ ಇಷ್ಟು. ಮೂರನೇ ಕೊಠಡಿಯ ಹದಿನಾಲ್ಕು ಜನಕ್ಕೂ ಪೂರ್ತಿ ತೊಂಬತ್ತು ನಿಮಿಷದ ಮರುಪರೀಕ್ಷೆ ನಡೆಸಿ; ಅವರ ವಯಸ್ಸನ್ನು ಆ ಭಾನುವಾರಕ್ಕೇ ಲೆಕ್ಕ ಹಾಕಿ. ಆಯ್ಕೆಯಾದ ಹುಡುಗಿಯ ಕೆಲಸ ಕಿತ್ತು ಇವರಿಗೆ ಕೊಡಬೇಡಿ. ಆ ಘಟಕದಲ್ಲಿ ಇನ್ನೂ ಎರಡು ಹುದ್ದೆ ಖಾಲಿ ಇರುವುದು ತಮ್ಮದೇ ಪ್ರಕಟಣೆಯಲ್ಲಿದೆ. ಅಭ್ಯರ್ಥಿಯ ಪರದೆಯಲ್ಲಿ ಪ್ರಶ್ನೆ ಕಾಣಿಸಿದ ಮೇಲೆಯೇ ಅವರ ಸಮಯ ಶುರುವಾಗುವ ಹಾಗೆ ಮಾಡಿ. ಅದು ತಂತ್ರಾಂಶದಲ್ಲಿ ಒಂದು ಸಾಲು ಬದಲಿಸುವ ಕೆಲಸ ಎಂದು ವೈರಣ್ಣ ಹೇಳುತ್ತಾರೆ. ಅವರ ನೋಟಿಸು ಹಿಂತೆಗೆದುಕೊಂಡು, ಅದೇ ಕಾಗದದಲ್ಲಿ ನನ್ನ ವಿಳಾಸ ಬರೆದು ನನಗೆ ಕಳಿಸಿ. ಉತ್ತರ ಸಿದ್ಧವಾಗಿದೆ; ಅದರಲ್ಲಿ ‘ತಪ್ಪಾಯಿತು’ ಎಂದು ಸ್ಪಷ್ಟವಾಗಿ ಬರೆದಿದ್ದೇನೆ. ತಮ್ಮ ಕಚೇರಿಯಿಂದಲೂ ಅದೊಂದು ಪದ ಬಂದರೆ, ಅದು ಎಷ್ಟೇ ನಿಧಾನವಾಗಿ ಬರಲಿ, ನಾವು ಕಾಯುತ್ತೇವೆ.

ಇಂತಿ,
ಮೂವತ್ತೊಂದನೇ ಪುಟವನ್ನು ತಡವಾಗಿ ಓದಿದ
ಒಬ್ಬ ಮಾಜಿ ಮೇಲ್ವಿಚಾರಕ